ಕೆಮ್ಮು ನಿಂತಿತು, ಕಾಯಿಲೆ ನಿಲ್ಲಲಿಲ್ಲ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೆಯ ಫ್ರಿಜ್ ಮೇಲೋ, ಕಪಾಟಿನ ಮೂಲೆಯಲ್ಲೋ ಅರ್ಧ ಉಳಿದ ಕೆಮ್ಮಿನ ಸಿರಪ್ ಬಾಟಲಿ ಇದೆಯಾ? ಇದ್ದೇ ಇರುತ್ತೆ. ಅದರ ಮೇಲೆ ಏನು ಬರೆದಿದೆ ಅಂತ ಯಾವತ್ತಾದ್ರೂ ಓದಿದ್ದೀರಾ? ನಾನಂತೂ ಓದಿರಲಿಲ್ಲ. ನನ್ನ ಸೋದರಮಾವ ಆಸ್ಪತ್ರೆ ಸೇರುವ ತನಕ.

ಮಾಮ ಕಮಲಾಪುರದವರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ದಿನಾ ಬೆಳಗ್ಗೆ ಬಸ್ ಹತ್ತಿ ಕಲಬುರಗಿಗೆ ಬಂದು ದಾಲ್ ಮಿಲ್‌ನಲ್ಲಿ ದುಡೀತಿದ್ರು. ತೊಗರಿ ಒಡೆಯುವ ಜಾಗದ ಧೂಳು ಎಂಥದ್ದು ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕೆಮ್ಮು ಬಂತು. ಧೂಳಿನದೇ ಇರಬೇಕು ಅಂದುಕೊಂಡ್ರು. ಮೊದಲು ಮನೆಯಲ್ಲಿದ್ದ ಜಿಂದಾ ತಿಲಿಸ್ಮಾತ್, ಆಮೇಲೆ ಔಷಧಿ ಅಂಗಡಿಯ ಬಾಟಲಿ. ಡಾಕ್ಟರ್ ಚೀಟಿ ಇಲ್ಲ, ಅಂಗಡಿಯವರು ಒಂದು ಮಾತು ಕೇಳಲಿಲ್ಲ. ನಾನು ಫೋನ್‌ನಲ್ಲಿ "ಮಾಮಾ, ಡಾಕ್ಟರ್‌ಗೆ ತೋರಿಸ್ರಿ" ಅಂದ್ರೆ, "ಔಷಧ ಕುಡುದ್ರ ನಿಂದರ್ತದ, ಡಾಕ್ಟರ್ ಯಾಕ ಬೇಕೋ?" ಅನ್ನೋರು. ಹೀಗೇ ಮೂರು ತಿಂಗಳು. ಒಂದು ದಿನ ಕಫದಲ್ಲಿ ರಕ್ತ ಬಂತು. ಪರೀಕ್ಷೆ ಮಾಡಿಸಿದ್ರೆ ಟಿಬಿ.

ಮೂರು ತಿಂಗಳು ಆ ಬಾಟಲಿ ಮಾಡಿದ್ದೇನು? ಇದಕ್ಕೆ ಉತ್ತರ ಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದೆ ಹೋಗಬೇಕು.

1832ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಿಯರ್ ರೊಬಿಕೆ ಅಫೀಮಿನಿಂದ ಕೊಡೀನ್ ಎಂಬ ವಸ್ತುವನ್ನು ಬೇರ್ಪಡಿಸಿದ. ಅದು ನೋವನ್ನೂ ಕೆಮ್ಮನ್ನೂ ತಗ್ಗಿಸುತ್ತಿತ್ತು. ಆ ಕಾಲದಲ್ಲಿ ಕ್ಷಯ, ನ್ಯುಮೋನಿಯಾ ಬಂದರೆ ಮುಗೀತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನೇನೋ ಪತ್ತೆ ಹಚ್ಚಿದರು, ಆದರೆ ಅದನ್ನು ಕೊಲ್ಲುವ ಔಷಧವಿರಲಿಲ್ಲ. ರಾತ್ರಿಯೆಲ್ಲ ಕೆಮ್ಮುವ ರೋಗಿಗೆ ವೈದ್ಯರು ಕೊಡಬಹುದಾಗಿದ್ದದ್ದು ಒಂದೇ: ನಿದ್ದೆ. ಹಾಗಾಗಿ ಕೆಮ್ಮು ನಿಲ್ಲಿಸೋದೇ ದೊಡ್ಡ ಉಪಕಾರ ಆಗಿತ್ತು.

1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿಗೆ ಒಂದು ಹೊಸ ಔಷಧವನ್ನು ಮಾರುಕಟ್ಟೆಗೆ ತಂತು. ಹೆಸರು ಏನು ಗೊತ್ತಾ? ಹೆರಾಯಿನ್! ಹೌದು, ಇವತ್ತು ಪೊಲೀಸರು ಹಿಡಿಯುವ ಅದೇ ಹೆರಾಯಿನ್. ಅದು ಜನರನ್ನು ಚಟಕ್ಕೆ ಬೀಳಿಸುತ್ತೆ ಅಂತ ಅರ್ಥವಾಗೋಕೆ ವರ್ಷಗಳೇ ಬೇಕಾದವು. ಅಮೆರಿಕ 1924ರಲ್ಲಿ ಅದನ್ನು ನಿಷೇಧಿಸಿತು.

ಕೊಡೀನ್ ಮಾತ್ರ ಉಳಿಯಿತು. ಅದೂ ಅಫೀಮಿನ ಕುಟುಂಬದ್ದೇ, ದೇಹದೊಳಗೆ ಹೋದ ಮೇಲೆ ಅದರ ಒಂದು ಪಾಲು ಮಾರ್ಫಿನ್ ಆಗುತ್ತೆ. ಕೆಲವರ ದೇಹದಲ್ಲಿ ಇದು ತೀರಾ ವೇಗವಾಗಿ ನಡೆದು ಉಸಿರೇ ನಿಧಾನವಾಗಿಬಿಡುತ್ತೆ. ಅದಕ್ಕೇ ಅಮೆರಿಕದಲ್ಲಿ 2018ರಿಂದ ಕೊಡೀನ್ ಇರುವ ಕೆಮ್ಮಿನ ಔಷಧ 18 ವರ್ಷದೊಳಗಿನವರಿಗೆ ಬೇಡ ಅಂದಿದ್ದಾರೆ. ನಮ್ಮಲ್ಲಿ ಕೊಡೀನ್ ಇರೋದು ಎಚ್-1 ಪಟ್ಟಿಯಲ್ಲಿ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಪಾಲನೆ ಎಷ್ಟಾಗ್ತಿದೆ? ನಿಮ್ಮ ಬೀದಿಯ ಅಂಗಡಿಯನ್ನೇ ಒಮ್ಮೆ ನೆನಪಿಸಿಕೊಳ್ಳಿ.

ಚಟ ಹಿಡಿಸದ ಔಷಧ ಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಡೆಕ್ಸ್‌ಟ್ರೋಮೆಥಾರ್ಫಾನ್. ಅಮೆರಿಕದಲ್ಲಿ 1958ರಲ್ಲಿ ಒಪ್ಪಿಗೆ ಸಿಕ್ತು. ಇವತ್ತು ಒಣಕೆಮ್ಮಿನ ಎಷ್ಟೋ ಸಿರಪ್‌ಗಳಲ್ಲಿ ಇರೋದು ಇದೇ. ಹೇಳಿದಷ್ಟೇ ಕುಡಿದರೆ ದೊಡ್ಡವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಮಕ್ಕಳಿಗೆ? 2021ರಲ್ಲಿ ದೆಹಲಿಯಲ್ಲಿ ಈ ಔಷಧ ಕುಡಿದ 16 ಮಕ್ಕಳು ಅಸ್ವಸ್ಥರಾದರು, ಅವರಲ್ಲಿ 3 ಮಕ್ಕಳು ತೀರಿಕೊಂಡರು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬರೆಯಬೇಡಿ ಅಂತ ಕೇಂದ್ರ ಸೂಚನೆ ಕೊಟ್ಟಿತು.

ಇಲ್ಲಿ ಇನ್ನೊಂದು ಗೊಂದಲ ಇದೆ, ಬಿಡಿಸಿ ಹೇಳ್ತೀನಿ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರಲ್ಲ, ಅದು ಕೆಮ್ಮು ತಡೆಯುವ ಔಷಧದ ದೋಷ ಅಲ್ಲ. ಸಿರಪ್ಪಿನ ದ್ರವದಲ್ಲೇ ವಿಷ ಇತ್ತು. ಡೈಇಥಿಲೀನ್ ಗ್ಲೈಕಾಲ್, ಮೂತ್ರಪಿಂಡವನ್ನು ಹಾಳುಮಾಡುವ ಕೈಗಾರಿಕೆಯ ರಾಸಾಯನಿಕ. ಶೇ. 0.1 ಮೀರಬಾರದು, ಆ ಬಾಟಲಿಯಲ್ಲಿ ಶೇ. 48.6 ಇತ್ತು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ಇನ್ನೊಂದು ಸಿರಪ್ ಮೂಲಕ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ನಮ್ಮಲ್ಲೂ 1940ರಿಂದ ಔಷಧ ಕಾಯ್ದೆ ಇದೆ. ಕಾಯ್ದೆ ಇದ್ದೂ 88 ವರ್ಷದ ನಂತರ ಅದೇ ವಿಷ ಮಕ್ಕಳ ಬಾಯಿಗೆ ಬಿತ್ತಲ್ಲ, ಇದಕ್ಕೆ ಯಾರು ಉತ್ತರ ಕೊಡ್ತಾರೆ? ಆ ಪ್ರಕರಣ ಹೊರಬಂದಾಗ, 2025ರ ಅಕ್ಟೋಬರ್‌ನಲ್ಲಿ, ಕೇಂದ್ರ ಮತ್ತೆ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧ ಬೇಡವೇ ಬೇಡ, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ.

ಈಗ ಮಾಮನ ವಿಷಯಕ್ಕೆ ಬರೋಣ. ಅವರು ಕುಡಿದ ಬಾಟಲಿಯಲ್ಲಿ ವಿಷ ಇರಲಿಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ತೊಂದರೆ ಇದ್ದದ್ದು ಅಲ್ಲೇ. ಈ ಔಷಧ ಶ್ವಾಸಕೋಶಕ್ಕೆ ಏನೂ ಮಾಡಲ್ಲ. ಕೆಮ್ಮು ಅಂತ ಆಜ್ಞೆ ಕೊಡುವ ಮೆದುಳಿನ ಭಾಗವನ್ನು ಮಂಕು ಮಾಡುತ್ತೆ, ಅಷ್ಟೇ. ನಾನು ಇಂಜಿನಿಯರಿಂಗ್ ಓದಿದವನು, ನನಗೆ ಅರ್ಥವಾಗೋದು ಹೀಗೆ: ಹೊಗೆ ಎದ್ದಾಗ ಅಲಾರಂ ಕೂಗುತ್ತೆ. ಅದರ ವೈರ್ ಕಿತ್ತರೆ ಶಬ್ದ ನಿಲ್ಲುತ್ತೆ, ಬೆಂಕಿ ಉರೀತಾನೇ ಇರುತ್ತೆ. ಕ್ಷಯಕ್ಕೆ ಔಷಧವೇ ಇಲ್ಲದ ಕಾಲದಲ್ಲಿ ಹುಟ್ಟಿದ ಬಾಟಲಿಯನ್ನು, ಆರು ತಿಂಗಳಲ್ಲಿ ಕ್ಷಯ ವಾಸಿಯಾಗುವ ಕಾಲದಲ್ಲೂ ನಾವು ಹಾಗೇ ಕುಡೀತಿದ್ದೀವಿ.

ಹಾಗಾದರೆ ಕುಡಿಯಲೇಬಾರದಾ? ಹಾಗಲ್ಲ. ಒಣಕೆಮ್ಮು ನಿದ್ದೆ ಕೆಡಿಸ್ತಿದ್ರೆ ಡಾಕ್ಟರ್ ಹೇಳಿದಷ್ಟು ದಿನ ಕುಡೀರಿ. ಕಫ ಬರ್ತಿದ್ರೆ ತಡೆಯಬೇಡಿ, ಅದು ಹೊರಗೆ ಬರಬೇಕು. ಅಡುಗೆ ಮನೆ ಚಮಚ ಬೇಡ, ಬಾಟಲಿ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಹಾಕಿ. ಖಿನ್ನತೆಗೆ, ನಿದ್ದೆಗೆ ಮಾತ್ರೆ ತಗೊಳ್ತಿದ್ರೆ ಮೊದಲೇ ಡಾಕ್ಟರ್‌ಗೆ ಹೇಳಿ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆ ನುಂಗ್ತಿದ್ರೆ ಅದರಿಂದಲೇ ಒಣಕೆಮ್ಮು ಬರಬಹುದು. ಆಗ ಮಾತ್ರೆ ಬದಲಿಸಬೇಕೇ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮಕ್ಕಳಿಗೆ ದೊಡ್ಡವರ ಬಾಟಲಿ ಮುಟ್ಟಿಸಲೇಬೇಡಿ. ವರ್ಷ ದಾಟಿದ ಮಗುವಿಗೆ ಜೇನು ಕೊಡಬಹುದು, ವರ್ಷ ತುಂಬದ ಕೂಸಿಗೆ ಅದೂ ಬೇಡ. ಎರಡು ವಾರ ಮೀರಿದ ಕೆಮ್ಮು ಅಂದ್ರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮಾಮ ಬದುಕಿದ್ದಾರೆ. ಮಾತ್ರೆ ಪೂರ್ತಿ ಮುಗಿಸಿದ್ರು, ಟಿಬಿ ಹೋಯ್ತು. ಆದರೆ ಒಂದು ಕಡೆ ಶ್ವಾಸಕೋಶ ಹಾಳಾಗಿದೆ, ಬಸ್ಸಿನ ಮೆಟ್ಟಿಲು ಹತ್ತಿದ್ರೂ ಏದುಸಿರು. ಮಿಲ್ ಕೆಲಸ ಬಿಟ್ಟಿದ್ದಾರೆ. "ಆ ಮೂರು ತಿಂಗಳು ಸುಮ್ನ ಕೆಮ್ಮಿದ್ರ ಛಲೋ ಇತ್ತು ನೋಡು, ಯಾರರ ದವಾಖಾನಿಗಿ ಕರ್ಕೊಂಡು ಹೋಗ್ತಿದ್ರು" ಅಂತಾರೆ.

ಇವತ್ತು ರಾತ್ರಿ ಆ ಬಾಟಲಿಯನ್ನು ಕೈಗೆ ತಗೊಳ್ಳಿ. ಏನಿದೆ, ಯಾರಿಗೆ, ಎಷ್ಟು, ಯಾವ ತಾರೀಖಿನ ತನಕ ಅಂತ ಓದಿ. ಮನೆಯಲ್ಲಿ ಯಾರಾದ್ರೂ ಎರಡು ವಾರದಿಂದ ಕೆಮ್ಮುತ್ತಿದ್ರೆ ಬಾಟಲಿ ಪಕ್ಕಕ್ಕಿಡಿ. ಬೆಳಗಾಗುತ್ತಲೇ ಅವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ.