ಗಣಕಯಂತ್ರದಲ್ಲಿ ಬಹು ಟೈಮರ್‌ಗಳ ಬಳಕೆ

ಗಣಕಯಂತ್ರದಲ್ಲಿ ಬಹು ಟೈಮರ್‌ಗಳ ಬಳಕೆ ಎಂದರೆ ಒಂದೇ ಗಣಕಯಂತ್ರದಲ್ಲಿ ಎರಡು ಅಥವಾ ಹೆಚ್ಚು ಕಾಲಾವಧಿಗಳನ್ನು ಏಕಕಾಲಕ್ಕೆ, ಒಂದಕ್ಕೊಂದು ಅಡ್ಡಿಯಾಗದಂತೆ ಎಣಿಸುವ ಕ್ರಮ. ಒಟ್ಟಿಗೆ ಆರಂಭವಾಗಿ ಬೇರೆ ಬೇರೆ ಸಮಯಕ್ಕೆ ಮುಗಿಯುವ ಕೆಲಸಗಳಲ್ಲಿ ಇದು ಉಪಯುಕ್ತ.

ಹಿನ್ನೆಲೆ

ಭಾರತದಲ್ಲಿ ಹಿಂದೆ ಕಾಲವನ್ನು ಅಳೆಯಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿದ್ದ ಈ ಬಟ್ಟಲು ನೀರಿನಲ್ಲಿ ಮುಳುಗಿದಾಗ ಒಂದು ಗಳಿಗೆ, ಅಂದರೆ 24 ನಿಮಿಷ, ಕಳೆಯಿತೆಂದು ಎಣಿಸಲಾಗುತ್ತಿತ್ತು. ದಿನಕ್ಕೆ 60 ಗಳಿಗೆಗಳು. ಒಂದು ಬಟ್ಟಲು ಒಂದು ಸಲಕ್ಕೆ ಒಂದೇ ಅವಧಿಯನ್ನು ಅಳೆಯಬಲ್ಲದು. ಗಣಕಯಂತ್ರಕ್ಕೆ ಈ ಮಿತಿಯಿಲ್ಲ.

ಕಾರ್ಯವಿಧಾನ

ಪ್ರತಿ ಟೈಮರ್‌ಗೂ ಪ್ರತ್ಯೇಕ ಗಡಿಯಾರ ಬೇಕಿಲ್ಲ. ತಂತ್ರಾಂಶವು ಪ್ರತಿಯೊಂದು ಟೈಮರ್ ಮುಗಿಯಬೇಕಾದ ಕ್ಷಣವನ್ನು ದಾಖಲಿಸಿಕೊಂಡು, ಒಂದೇ ಗಡಿಯಾರದೊಂದಿಗೆ ಹೋಲಿಸಿ ನೋಡುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಬಿಡಿಭಾಗ ಸೆಕೆಂಡಿಗೆ ಸುಮಾರು 18.2 ಮಿಡಿತಗಳನ್ನು ನೀಡುತ್ತಿತ್ತು. ಬಹುಸಂಖ್ಯೆಯ ಟೈಮರ್‌ಗಳನ್ನು ಕಡಿಮೆ ಶ್ರಮದಿಂದ ನಿರ್ವಹಿಸುವ 'ಟೈಮಿಂಗ್ ವೀಲ್' ವಿಧಾನವನ್ನು ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ 1987ರಲ್ಲಿ ವಿವರಿಸಿದರು.

ಉಪಯೋಗಗಳು

ಪರೀಕ್ಷೆ: ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಬರೆಯಲು ತೊಂದರೆಯಿರುವ ಅರ್ಹ ಅಂಗವಿಕಲ ಅಭ್ಯರ್ಥಿಗಳಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲ ಸಲ್ಲಬೇಕು. ಮೂರು ಗಂಟೆಯ ಪರೀಕ್ಷೆ ಬೆಳಿಗ್ಗೆ 10.30ಕ್ಕೆ ಆರಂಭವಾದರೆ ಉಳಿದವರಿಗೆ 1.30ಕ್ಕೂ ಇವರಿಗೆ 2.30ಕ್ಕೂ ಮುಗಿಯುತ್ತದೆ. ಒಂದೇ ಟೈಮರ್ ಇದ್ದಲ್ಲಿ ಮೊದಲ ಗಂಟೆ ಬಾರಿಸಿದೊಡನೆ ಎಲ್ಲರ ಉತ್ತರ ಪತ್ರಿಕೆಗಳನ್ನೂ ಪಡೆದುಬಿಡುವ ಸಂಭವವುಂಟು. ಎರಡು ಟೈಮರ್‌ಗಳಿದ್ದರೆ ಅರ್ಹರಿಗೆ ದೊರೆಯಬೇಕಾದ ಕಾಲ ಕೈತಪ್ಪದು.

ಕ್ರೀಡೆ: ಕಬಡ್ಡಿಯಲ್ಲಿ 20 ನಿಮಿಷಗಳ ಅವಧಿಯೊಳಗೆ ಪ್ರತಿ ದಾಳಿಗೂ 30 ಸೆಕೆಂಡುಗಳ ಮಿತಿಯಿದೆ. ಆದ್ದರಿಂದ ಎರಡು ಎಣಿಕೆಗಳು ಜೊತೆಯಾಗಿ ಸಾಗಬೇಕು.

ಅಧ್ಯಯನ: ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದ ಪೊಮೊಡೊರೊ ಪದ್ಧತಿಯಲ್ಲಿ 25 ನಿಮಿಷ ಓದು, 5 ನಿಮಿಷ ವಿರಾಮ. ಇದರೊಂದಿಗೆ ಒಟ್ಟು ಓದಿನ ಅವಧಿಗೆ ಇನ್ನೊಂದು ಟೈಮರ್ ಇಡಬಹುದು.

ಅಡುಗೆ: ಅನ್ನ, ಬೇಳೆ, ನೆನೆಹಾಕಿದ ಕಾಳು ಮೊದಲಾದವುಗಳಿಗೆ ಬೇರೆ ಬೇರೆ ಅವಧಿಗಳನ್ನು ನಿಗದಿಪಡಿಸಬಹುದು.

ಮಿತಿಗಳು ಮತ್ತು ಎಚ್ಚರಿಕೆ

ಗಣಕಯಂತ್ರ ನಿದ್ರಾಸ್ಥಿತಿಗೆ ಹೋದರೆ ಟೈಮರ್ ಸಕಾಲಕ್ಕೆ ಸದ್ದು ಮಾಡದಿರಬಹುದು. ಬ್ರೌಸರಿನಲ್ಲಿ ಮರೆಯಲ್ಲಿರುವ ಪುಟಗಳ ಟೈಮರ್‌ಗಳು ವಿಳಂಬವಾಗುವುದುಂಟು. ಯುಪಿಎಸ್ ಇಲ್ಲದ ಮೇಜಿನ ಗಣಕಯಂತ್ರ ವಿದ್ಯುತ್ ಕಡಿತವಾದೊಡನೆ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ಪರೀಕ್ಷಾ ಕೊಠಡಿಯಲ್ಲಿ ಗೋಡೆ ಗಡಿಯಾರವೂ ಇರಬೇಕು. ಆರಂಭ ಹಾಗೂ ಮುಕ್ತಾಯದ ವೇಳೆಯನ್ನು ಕರಿಹಲಗೆಯ ಮೇಲೆ ಬರೆದಿಡುವುದು ಒಳಿತು. ಒಂದೇ ಬಗೆಯ ಸದ್ದು ಗೊಂದಲಕ್ಕೆ ಕಾರಣವಾಗುವುದರಿಂದ ಪ್ರತಿ ಟೈಮರ್‌ಗೂ 'ಸಾಮಾನ್ಯ ಅವಧಿ', 'ಹೆಚ್ಚುವರಿ ಅವಧಿ' ಎಂಬಂತಹ ಸ್ಪಷ್ಟ ಹೆಸರನ್ನೂ ಪ್ರತ್ಯೇಕ ಧ್ವನಿಯನ್ನೂ ಕೊಡಬೇಕು.