ದೇಹಮಾಪನ ಶಾಸ್ತ್ರ

ಕುರ್ಚಿ, ಯಂತ್ರ, ವಾಹನಗಳನ್ನು ಬಳಸುವವರ ಮೈಗೆ ಹೊಂದಿಸಲೆಂದು ಎತ್ತರ, ತೋಳಿನ ಚಾಚು, ಕುಳಿತಾಗ ಮೊಣಕಾಲಿನ ಎತ್ತರ, ಅಂಗಗಳ ತೂಕ ಮುಂತಾದವನ್ನು ಅಳೆದು ವಿಶ್ಲೇಷಿಸುವ ಶಾಸ್ತ್ರ. ಸರಾಸರಿ ದೇಹಕ್ಕೆಂದು ಮಾಡಿದ ವಸ್ತು ಬಹುತೇಕ ಯಾರಿಗೂ ಸರಿಹೊಂದದು ಎಂಬುದು ಇದರ ಅತಿ ಮುಖ್ಯ ಶೋಧ. ಅಮೆರಿಕದ ವಾಯುಪಡೆ 1950ರಲ್ಲಿ ತನ್ನ ವಿಮಾನ ಚಾಲಕರನ್ನು ಅಳೆಸಿತು. ಅವರಲ್ಲಿ 4,063 ಮಂದಿಯ ಹತ್ತು ಅಳತೆಗಳನ್ನು ಹೋಲಿಸಿದ ಸಂಶೋಧಕ ಗಿಲ್ಬರ್ಟ್ ಡೇನಿಯಲ್ಸ್, ಪ್ರತಿ ಅಳತೆಯಲ್ಲೂ ನಡುವಿನ ಸುಮಾರು ಶೇ. 30ರಷ್ಟು ಜನರನ್ನು ಸರಾಸರಿಯವರೆಂದು ಧಾರಾಳವಾಗಿಯೇ ಒಪ್ಪಿಕೊಂಡರು. ಆದರೂ ಹತ್ತರಲ್ಲೂ ಸರಾಸರಿಯಾದವರು ಒಬ್ಬರೂ ಸಿಗಲಿಲ್ಲ. ಉದ್ದ ತೋಳಿನವರ ಕಾಲು ಗಿಡ್ಡವಿರಬಹುದು. ಒಂದು ಅಳತೆ ಇನ್ನೊಂದಕ್ಕೆ ಖಾತ್ರಿ ಕೊಡುವುದಿಲ್ಲ.

ಎರಡೂ ತುದಿಗಳ ತಲಾ ಶೇ. 5ರಷ್ಟು ಜನರನ್ನು ಬಿಟ್ಟು ನಡುವಿನ ಶೇ. 90ಕ್ಕೆ ವಿನ್ಯಾಸ ಮಾಡಿದರೆ ಸಾಕೆಂಬ ವಾದವುಂಟು. ಒಂದೇ ಅಳತೆಯ ಮಟ್ಟಿಗೆ ಅದು ಸರಿ. ಆದರೆ ಎತ್ತರದಲ್ಲಿ ಹೊರಗುಳಿದವರೇ ಸೊಂಟದ ಅಗಲದಲ್ಲೂ ಹೊರಗುಳಿಯುವುದಿಲ್ಲವಾದ್ದರಿಂದ, ಅಳತೆಗಳು ಹೆಚ್ಚಿದಂತೆ ಬಿಟ್ಟುಹೋದವರೂ ಹೆಚ್ಚುತ್ತಾರೆ. ಎಲ್ಲವನ್ನೂ ಹೊಂದಿಸಿಕೊಳ್ಳುವಂತೆ ಮಾಡಿದರೆ ದುಬಾರಿ ಎಂಬುದು ಇನ್ನೊಂದು ಆಕ್ಷೇಪ. ಹಾಗೆ ಮಾಡಬೇಕಾಗಿಯೇ ಇಲ್ಲ: ಬಾಗಿಲಿನ ಎತ್ತರವನ್ನು ಎತ್ತರದವರು, ಕಪಾಟಿನ ಮೇಲಿನ ಹಲಗೆಯ ಎತ್ತರವನ್ನು ಗಿಡ್ಡನೆಯವರು ನಿರ್ಧರಿಸಿದರೆ ಉಳಿದವರಿಗೆ ತೊಂದರೆಯಿಲ್ಲ. ಕುರ್ಚಿಯ ಎತ್ತರದಂಥ ಕೆಲವಕ್ಕೆ ಮಾತ್ರ ಹೊಂದಾಣಿಕೆ ಅನಿವಾರ್ಯ.

ಯಾರನ್ನು ಅಳೆದರು ಎಂಬ ಪ್ರಶ್ನೆ ಈ ಎರಡು ಆಕ್ಷೇಪಗಳಿಗಿಂತ ಗಂಭೀರವಾದದ್ದು. ದೇಹದ ಚಲನೆ, ಬಲಗಳನ್ನು ಅಧ್ಯಯನ ಮಾಡುವ ಜೀವಬಲಶಾಸ್ತ್ರ ಇಂದಿಗೂ ಆಧರಿಸುವ ಅಂಗಭಾರದ ಕೋಷ್ಟಕಗಳಲ್ಲೊಂದನ್ನು ಸಂಶೋಧಕ ಡೆಂಪ್‌ಸ್ಟರ್ 1955ರಲ್ಲಿ ಎಂಟು ಪುರುಷ ಶವಗಳಿಂದ ರೂಪಿಸಿದರು. ಅದನ್ನು ಬಸುರಿಯ ಬೆನ್ನಿಗೋ ಬೆಳೆಯುವ ಮಗುವಿಗೋ ನೇರವಾಗಿ ಅನ್ವಯಿಸುವುದು ತಪ್ಪು. ಭಾರತೀಯರಿಗೆ ವಿನ್ಯಾಸ ಮಾಡುವಾಗಲೂ ಅವರದೇ ಅಳತೆಗಳು ಬೇಕು; ಅವನ್ನು ದೇಬಕುಮಾರ್ ಚಕ್ರವರ್ತಿ ಸಂಗ್ರಹಿಸಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು.