ಭಾರ ಎತ್ತುವಿಕೆಯ ತರಬೇತಿ

ಭಾರ ಎತ್ತುವಿಕೆಯ ತರಬೇತಿಯು ಬಾರ್‌ಬೆಲ್, ಡಂಬೆಲ್ ಮುಂತಾದ ತೂಕಗಳನ್ನು ಕ್ರಮಬದ್ಧವಾಗಿ ಎತ್ತಿ ಸ್ನಾಯುಬಲವನ್ನು ಹೆಚ್ಚಿಸಿಕೊಳ್ಳುವ ವ್ಯಾಯಾಮ ಪದ್ಧತಿಯಾಗಿದೆ. ಅಭ್ಯಾಸ ತಪ್ಪದಿದ್ದರೂ ಎತ್ತುವ ತೂಕ ಹಲವು ವಾರಗಳ ಕಾಲ ಏರದೆ ನಿಲ್ಲುವ ಸ್ಥಿತಿಯನ್ನು ‘ಪ್ಲೇಟೋ’ ಅಥವಾ ನಿಲುಗಡೆ ಎನ್ನುತ್ತಾರೆ. ಭಾರ, ಆವರ್ತನೆ ಮತ್ತು ವಿಶ್ರಾಂತಿಗಳ ಯೋಜನೆಯನ್ನು ಬದಲಿಸುವುದು ಇದಕ್ಕೆ ಮುಖ್ಯ ಪರಿಹಾರ.

ಹಿನ್ನೆಲೆ

ಕರ್ನಾಟಕದಲ್ಲಿ ಬಲಸಾಧನೆಯ ಪರಂಪರೆಯು ಗರಡಿಮನೆಗಳಲ್ಲಿ ಬೆಳೆಯಿತು. ದಂಡ, ಬಸ್ಕಿ, ಗದೆ ತಿರುಗಿಸುವುದು, ಕಲ್ಲುಗುಂಡು ಎತ್ತುವುದು ಪೈಲ್ವಾನರ ಸಾಮಿನ ಭಾಗಗಳು. 1940ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಅವರು ಗಾಯಗೊಂಡ ಸೈನಿಕರ ಚೇತರಿಕೆಗಾಗಿ ಭಾರವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು ರೂಪಿಸಿದರು. 1960ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಲಿಯೊನಿಡ್ ಮತ್ವೆಯೆವ್ ಅವರು ತರಬೇತಿಯನ್ನು ಅವಧಿಗಳಾಗಿ ವಿಂಗಡಿಸುವ ಸಿದ್ಧಾಂತವನ್ನು ಮಂಡಿಸಿದರು.

ಮೂಲತತ್ತ್ವ

ದೇಹವು ತನ್ನ ಮೇಲೆ ಬೀಳುವ ಹೊರೆಗೆ ಹೊಂದಿಕೊಳ್ಳುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲರ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಬಲ ಬೇಗ ಹೆಚ್ಚುತ್ತದೆ. ಆದರೆ ನಿತ್ಯವೂ ಅದೇ ತೂಕವನ್ನು ಹೊತ್ತರೆ ಬಲ ಉಳಿಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಹೊರೆ ಸ್ವಲ್ಪಸ್ವಲ್ಪವಾಗಿ ಏರಬೇಕು. ನಡುವೆ ವಿಶ್ರಾಂತಿ ದೊರೆಯಬೇಕು.

ಅಭ್ಯಾಸದ ಕ್ರಮ

ಆರಂಭಿಕರಿಗೆ ವಾರಕ್ಕೆ 2 ಅಥವಾ 3 ದಿನಗಳ ಅಭ್ಯಾಸ ಸಾಕು. ಪ್ರತಿದಿನದ ಅಭ್ಯಾಸವು ಸಾಮಾನ್ಯವಾಗಿ ಈ ಕ್ರಮದಲ್ಲಿರುತ್ತದೆ:

1. ಮೈ ಬಿಸಿ ಮಾಡಿಕೊಳ್ಳುವ ಲಘು ವ್ಯಾಯಾಮ ಮತ್ತು ಖಾಲಿ ಬಾರ್‌ನಿಂದ ಅಭ್ಯಾಸ.
2. ಕೌಶಲ ಬೇಡುವ ಸ್ನ್ಯಾಚ್ ಅಥವಾ ಕ್ಲೀನ್ ಅಂಡ್ ಜರ್ಕ್.
3. ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ಭಾರದ ವ್ಯಾಯಾಮ.
4. ಬೆನ್ನು, ಹೊಟ್ಟೆ, ಭುಜಗಳ ಪೂರಕ ವ್ಯಾಯಾಮ.

ಭಾರದ ಸೆಟ್‌ಗಳ ನಡುವೆ 2ರಿಂದ 5 ನಿಮಿಷಗಳ ವಿರಾಮ ಬೇಕು.

ನಿಲುಗಡೆಯ ನಿವಾರಣೆ

ನಿದ್ರೆ ಮತ್ತು ಆಹಾರದ ಕೊರತೆ, ತಪ್ಪು ಭಂಗಿ, ಬದಲಾಗದ ಕ್ರಮ, ಪ್ರತಿದಿನವೂ ಗರಿಷ್ಠ ತೂಕವನ್ನು ಪ್ರಯತ್ನಿಸುವುದು ನಿಲುಗಡೆಗೆ ಸಾಮಾನ್ಯ ಕಾರಣಗಳು. ಮೊದಲು ಇವುಗಳನ್ನು ಸರಿಪಡಿಸಿ, ಬಳಿಕ ಭಾರದ ಯೋಜನೆಯನ್ನು ಬದಲಿಸಬೇಕು. ಉದಾಹರಣೆಗೆ, ಸ್ಕ್ವಾಟ್‌ನಲ್ಲಿ ಒಮ್ಮೆ ಮಾತ್ರ 100 ಕೆ.ಜಿ. ಎತ್ತಬಲ್ಲವರು 5 ಆವರ್ತನೆಗಳ 5 ಸೆಟ್‌ಗಳನ್ನು ಮೊದಲ ವಾರ 70, ಎರಡನೆಯ ವಾರ 75, ಮೂರನೆಯ ವಾರ 80 ಕೆ.ಜಿ.ಯಲ್ಲಿ ಮಾಡಬಹುದು. ನಾಲ್ಕನೆಯ ವಾರ 60 ಕೆ.ಜಿ.ಗೆ ಇಳಿದು, ಸೆಟ್‌ಗಳನ್ನೂ ಕಡಿಮೆ ಮಾಡಿ, ದೇಹ ಚೇತರಿಸಿಕೊಳ್ಳಲು ಬಿಡಬೇಕು. ಮುಂದಿನ ಸುತ್ತನ್ನು 72.5 ಕೆ.ಜಿ.ಯಿಂದ ಆರಂಭಿಸಬೇಕು. ಪ್ರತಿದಿನದ ತೂಕ ಮತ್ತು ಆವರ್ತನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ನಿಲುಗಡೆ ಎಲ್ಲಿ ಆರಂಭವಾಯಿತೆಂದು ತಿಳಿಯುತ್ತದೆ.

ಕರ್ನಾಟಕದ ನಿದರ್ಶನ

ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಪದಕ ಪಡೆದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದರು. ದೇಹತೂಕದ ವಿಭಾಗವೂ ಮೇಲೇರಿದ ಈ 4 ವರ್ಷಗಳಲ್ಲಿ ಆದ ಏರಿಕೆ 20 ಕೆ.ಜಿ. ಆರಂಭಿಕರು ಕೆಲವೇ ತಿಂಗಳುಗಳಲ್ಲಿ ಇಷ್ಟು ಏರಿಕೆ ಕಾಣಬಹುದು. ಉನ್ನತ ಮಟ್ಟದಲ್ಲಿ ಪ್ರಗತಿ ಸಹಜವಾಗಿಯೇ ನಿಧಾನ.

ಎಚ್ಚರಿಕೆಗಳು

ಕೀಲು ಅಥವಾ ಬೆನ್ನಿನಲ್ಲಿ ತೀಕ್ಷ್ಣ ನೋವು ಕಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಭಾರದ ಸ್ಕ್ವಾಟ್ ಮಾಡುವಾಗ ಜೊತೆಗೊಬ್ಬ ಸಹಾಯಕರಿರಬೇಕು. ವಿದ್ಯಾರ್ಥಿಗಳು ಅನುಭವಿ ತರಬೇತುದಾರರ ಮೇಲ್ವಿಚಾರಣೆಯಲ್ಲಿ ಮಾತ್ರ ಅಭ್ಯಾಸ ಮಾಡಬೇಕು.